ದೇವೀರಿ ಅಷ್ಟು ಬಾಳುತ್ತಾಳೆಯೇ?

ಮಂಡ್ಯ, ಕೊಸರು ತಿಂಗಳ ಆರನೆಯ ತಾರೀಖು, ಶುಕ್ರವಾರ, ಇಸವಿ ೨೨೩೧

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ,

ಮಂಡ್ಯದ ಬಿಸಿಲು ಪಾರುಪತ್ತೇಗಾರ ಪುಟ್ಟಮಾದನ ನಮಸ್ಕಾರಗಳು. ತಾರೀಖು ನೋಡಿ ನಗಬೇಡಿ. ವರ್ಷವನ್ನು ನಾವು ಹದಿಮೂರು ಸಮಪಾಲು ಮಾಡಿಕೊಂಡಿದ್ದೇವೆ. ಹೂ ಮಾರುವವಳು ಮೊಳದ ಮೇಲೆ ಹಾಕುವ ಕೊಸರಿನಂತೆ ಸಿಕ್ಕಿದ ಕೊನೆಯ ತಿಂಗಳಿಗೆ ಅದೇ ಹೆಸರು ನಿಂತಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ, ನಿಮ್ಮವೂ ನಮಗೆ ಹಾಗೇ ಕೇಳಿಸುತ್ತವೆ. ನಿಮ್ಮ ಕಾಲದ ಪತ್ರಿಕೆಗಳನ್ನು ಓದುವ ಚಟ ನನಗೆ. ಬ್ಯಾಸ್ಕೆಟ್‌ಬಾಲ್ ಆಡುವ ಎತ್ತರದ ಜನಕ್ಕೆ ಅಷ್ಟೊಂದು ಕೋಟಿ ಸುರಿಯುವುದು ಸರಿಯೇ ಎಂದು ನೀವು ಅವುಗಳಲ್ಲಿ ಜಗಳವಾಡಿದ್ದೀರಿ. ಸಮಾಧಾನ ಮಾಡಿಕೊಳ್ಳಿ, ಆ ಜಗಳ ಇನ್ನೂ ಮುಗಿದಿಲ್ಲ. ಕಳೆದ ತಿಂಗಳು ನಮ್ಮೂರಲ್ಲೂ ಆಯಿತು, ಎಬ್ಬಿಸಿದವನು ನಾನೇ.

ನಮ್ಮಲ್ಲಿ ಸಂಬಳ ಕೊಡುವುದು ಬಿಸಿಲಿನಲ್ಲಿ. ಪ್ರತಿ ಮನೆಯ ಸೂರೂ ಹಗಲೆಲ್ಲ ಬಿಸಿಲು ಹಿಡಿದು ಊರಿನ ಕಣಜಕ್ಕೆ ಕಳಿಸುತ್ತದೆ. ದೀಪ, ಒಲೆ, ತಂಪುಗಾಳಿ ಎಲ್ಲವೂ ಅದರಿಂದಲೇ. ಅದು ಪೋಲಾಗದಂತೆ ಕಾಯುವುದು ನನ್ನ ಕೆಲಸವಾದ್ದರಿಂದ ಜಿಪುಣನೆಂಬ ಹೆಸರು ಹುದ್ದೆಯ ಜೊತೆಗೇ ಬಂದಿದೆ. ಬ್ಯಾಸ್ಕೆಟ್‌ಬಾಲನ್ನು ನಾವು ಬುಟ್ಟಿಯಾಟ ಎನ್ನುತ್ತೇವೆ. ನಮ್ಮ ತಂಡಕ್ಕೆ ಆಲೆಮನೆ ತಂಡವೆಂದು ಹೆಸರು, ಅದರ ತಾರೆ ಕೀಲಾರದ ದೇವೀರಿ. ಚೆಂಡು ಅವಳ ಕೈಗೆ ಬಂದರೆ ಎದುರಾಳಿಗಳು ಬಸ್ಸು ತಪ್ಪಿಸಿಕೊಂಡವರಂತೆ ನಿಂತುಬಿಡುತ್ತಾರೆ. ಅವಳು ಕೇಳಿದ್ದು ಮೂರು ವರ್ಷದ ಕರಾರು: ಆಸ್ಪತ್ರೆ ಮತ್ತು ಬಾಣಂತಿಯರ ಮನೆ ಬಿಟ್ಟು, ಪ್ರತಿ ಶುಕ್ರವಾರ ಸಂಜೆ ಇಡೀ ಊರು ಉರಿಸುವ ಬಿಸಿಲು ಅವಳಿಗೆ. ತಂಡದ ಉಳಿದ ನಾಲ್ವರಿಗೂ ಸೇರಿಸಿ ಕೊಡುವುದು ಅದರ ಕಾಲುಪಾಲಿಲ್ಲ. ಅಷ್ಟನ್ನು ತೆಗೆದುಕೊಂಡು ಏನು ಮಾಡುತ್ತಾಳೆ? ಮಾರಿಕೊಂಡು ಮನೆ ಕಟ್ಟಿಸುತ್ತಿದ್ದಾಳೆ. ಮೂರನೆಯ ಮಹಡಿ ಯಾಕೆ ಬೇಕೆಂದು ಅವಳಿಗೂ ಗೊತ್ತಿಲ್ಲ. ಹಾಸನದವರು ಇನ್ನೂ ಹೆಚ್ಚು ಕೊಡುತ್ತೇವೆಂದು ಕಾದಿದ್ದರು. ಊರು ಸಭೆಯ ದಿನ ಒಪ್ಪದಿದ್ದರೆ ಅವಳು ಹೊರಡುವವಳೇ.

ಒಬ್ಬಳು ಬುಟ್ಟಿಗೆ ಚೆಂಡು ಹಾಕುವುದಕ್ಕಾಗಿ ವಾರಕ್ಕೊಂದು ಸಂಜೆ ಊರೆಲ್ಲ ಸೆಕೆಯಲ್ಲಿ ಬೇಯಬೇಕೇ? ನನಗೆ ಮೈಯೆಲ್ಲ ಉರಿಯಿತು. ಊರಸಭೆಯಲ್ಲಿ ಎದ್ದು ನಿಂತು, ಇಂಥ ಕರಾರುಗಳಿಗೆ ಗೊತ್ತುಮಾಡಿರುವ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ: ದೇವೀರಿ ಮುಂದಿನ ಮೂರು ವರ್ಷ ಅಷ್ಟು ಬಾಳುತ್ತಾಳೆಯೇ? ಬಾಳುವುದಿಲ್ಲ ಎನ್ನುವವರು ಕೈ ಎತ್ತಬೇಕು. ನಾನು ಕೇಳಿದ್ದು ಬೆಲೆಯ ಮಾತು. ಮುಂದಿನ ಸಾಲಿನಲ್ಲಿದ್ದ ಹೊಂಬಾಳಜ್ಜಿಗೆ ಕಿವಿ ಮಂದ. ಆಕೆ ಕೋಲೂರಿಕೊಂಡು ಎದ್ದರು.

“ಬೆಳ್ಯೋ ಹೆಣ್ಮಗೀನ ಬಾಳ್ತಾಳಾ ಇಲ್ವಾ ಅಂತ ಕೇಳ್ತೀಯಲ್ಲ, ನಿನ್ ಬಾಯ್ಗೆ ಏನ್ ಬಂದದೆ? ನೂರ್ ವರ್ಸ ಬಾಳ್ತಾಳೆ ಕಣ್ಲಾ.”

ಸಭೆಗೆ ಸಭೆಯೇ ಬಾಳಲಿ ಬಾಳಲಿ ಎಂದಿತು. ಇನ್ನು ಯಾವ ಪುಣ್ಯಾತ್ಮ ತಾನೇ ಬಾಳುವುದಿಲ್ಲ ಎಂದು ಕೈ ಎತ್ತುತ್ತಾನೆ? ಕರಾರು ಪಾಸಾಯಿತೆಂದು ಅಧ್ಯಕ್ಷರು ಹೇಳುವುದರಲ್ಲಿದ್ದರು. ಅಷ್ಟರಲ್ಲಿ ದೇವೀರಿಯೇ ಎದ್ದಳು. ಸುಮ್ಮನೆ ಕೂತಿದ್ದರೆ ಮೂರು ವರ್ಷದ ಬಿಸಿಲು ಅವಳ ಮಡಿಲಿಗೆ ಬಿದ್ದಿರುತ್ತಿತ್ತು.

“ಮಾದಣ್ಣ ಕೇಳಿದ್ದು ನನ್ ಆಯಸ್ಸಲ್ಲ ಕಣಜ್ಜಿ, ನನ್ ಬೆಲೆ. ಇನ್ನೊಂದ್ ಕಿತ ಸರ್ಯಾಗಿ ಕೇಳಣ್ಣ.”

ಊರು ತಿಳಿದೇ ಒಪ್ಪಬೇಕೆಂಬುದು ಅವಳ ಹಟ. ಅವಳಿಗೆ ಊರು ಬಿಡುವ ಮನಸ್ಸಿಲ್ಲವೆಂದು ನನಗೆ ಆಗಲೇ ತಿಳಿದದ್ದು. ಆದರೂ ಕೇಳಲೇಬೇಕಲ್ಲ. ಅಷ್ಟಕ್ಕೆ ಅವಳಿಗೆ ಯೋಗ್ಯತೆ ಇದೆಯೇ ಎಂದೆ. ಹೆಣ್ಣುಮಗಳ ಯೋಗ್ಯತೆ ಕೇಳಲು ನೀನು ಯಾರು ಎಂದು ಹಿಂದಿನ ಸಾಲಿನವರೆಲ್ಲ ಮೇಲೆ ಬಿದ್ದರು. ಕೊನೆಗೆ ನೇರವಾಗಿ ಕೇಳಿದೆ, ಶುಕ್ರವಾರ ಸಂಜೆ ನಿಮ್ಮ ಮನೆಯ ತಂಪು, ದೀಪ ಎಲ್ಲ ಬಿಟ್ಟುಕೊಡುತ್ತೀರಾ ಎಂದು. ಈ ಸಲ ಎಲ್ಲರಿಗೂ ಸರಿಯಾಗಿ ಕೇಳಿಸಿತು, ಒಂದು ಕೈಯೂ ಮೇಲೇಳಲಿಲ್ಲ. ದೇವೀರಿ ತಲೆ ತಗ್ಗಿಸಿದಳು. ಆಗ ಹೆಂಗಸರ ಕಡೆಯಿಂದ ನನ್ನ ಹೆಂಡತಿ ಜವರಮ್ಮನ ದನಿ ಬಂತು.

“ಸುಕ್ರವಾರ ಸಂದೆ ನೀವೆಲ್ಲಿರ್ತೀರಿ, ಅದ್ನ ಮೊದ್ಲು ಯೋಳಿ.”

ಎಲ್ಲಿರುತ್ತೇನೆ? ಬುಟ್ಟಿಯಾಟದ ಮೈದಾನದಲ್ಲಿ, ಎರಡನೆಯ ಬೆಂಚಿನಲ್ಲಿ, ಗಂಟಲು ಹರಿಯುವಂತೆ ಕೂಗುತ್ತಾ. ಮೈದಾನದ ದೀಪಕ್ಕೆ ಅದರದೇ ಸೂರಿನ ಬಿಸಿಲಿದೆ. ಪಂದ್ಯ ಬೇರೆ ಊರಿನಲ್ಲಿದ್ದರೂ ದೊಡ್ಡ ಪರದೆಯ ಮುಂದೆ ಊರೆಲ್ಲ ಅಲ್ಲೇ ಸೇರಿರುತ್ತದೆ. ಮನೆಗಳಿಗೆ ಬೀಗ, ಒಲೆ ತಣ್ಣಗೆ. ಶನಿವಾರ ಬೆಳಿಗ್ಗೆ ಕಣಜ ತುಳುಕುವುದನ್ನು ಕಂಡು, ನನ್ನ ಬಿಗಿಯಿಂದಲೇ ಇಷ್ಟು ಉಳಿಯಿತೆಂದು ಎರಡು ವರ್ಷ ಮೀಸೆ ತಿರುವಿದ್ದೇನೆ. ಉಳಿಸಿದ್ದು ದೇವೀರಿ! ಸಭೆಯೆದುರು ಇದನ್ನು ಒಪ್ಪಿಕೊಂಡಾಗ ಬಿದ್ದ ನಗುವಿನಲ್ಲಿ ನಾನೂ ನಕ್ಕೆ. ಕೊಡುತ್ತೇವೆ ಎಂದು ಮೊದಲ ಕೈ ನನ್ನದೇ ಎದ್ದಿತು. ಹಿಂದೆಯೇ ಎಲ್ಲ ಕೈಗಳೂ ಎದ್ದವು. ದೇವೀರಿ ಅಷ್ಟು ಜನರ ನಡುವೆ ಮುಖ ಮುಚ್ಚಿಕೊಂಡು ಅತ್ತಳು, ಅಜ್ಜಿ ಅವಳ ಬೆನ್ನು ಸವರುತ್ತ ಕೂತರು.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಎತ್ತರದವರಿಗೆ ಅಷ್ಟು ಕೊಡಬೇಕೇ ಎಂದು ಖಂಡಿತ ಕೇಳಿ, ಕೇಳುವುದನ್ನು ಬಿಟ್ಟರೆ ಅವರು ನಾಲ್ಕನೆಯ ಮಹಡಿಯನ್ನೂ ಎಬ್ಬಿಸುತ್ತಾರೆ. ಆದರೆ ಕೇಳುವಾಗ ನಿಮ್ಮ ಗಂಟಲು ಕಟ್ಟಿದ್ದರೆ, ಯಾಕೆ ಕಟ್ಟಿದೆಯೆಂಬುದನ್ನೂ ಸ್ವಲ್ಪ ನೆನೆಯಿರಿ. ಇನ್ನೂ ಬರೆಯುವ ಆಸೆ, ಆದರೆ ಈಗಷ್ಟೇ ಊರಿನ ದೀಪವೆಲ್ಲ ಹೋಯಿತು, ಅಕ್ಷರ ಕಾಣುತ್ತಿಲ್ಲ. ಇವತ್ತು ಹಾಸನದವರ ಮೇಲೆ ಪಂದ್ಯ. ಜವರಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಗದರುತ್ತಿದ್ದಾಳೆ. ಬರುತ್ತೇನೆ, ಜಾಗ ಹೋಗುತ್ತದೆ.