ಖಾಲಿ ಬಿಟ್ಟ ಕಾರ್ಡ್ ನಂಬರ್

ಮಾರ್ಚ್ 3, ಬೆಳಿಗ್ಗೆ 10

ಕ್ಲಿನಿಕ್ಕಿನ ಫ್ಯಾನ್ ಮತ್ತೆ ಕಿರುಗುಡುತ್ತಿದೆ. ತಿಂಗಳ ಪಟ್ಟಿ ತೆಗೆದೆ — ಕಳೆದ ತಿಂಗಳು ಮೂರ್ಛೆರೋಗದ ಮಾತ್ರೆಗೆ ಬಾರದವರು ಯಾರು? ಉತ್ತರ: ಸೊನ್ನೆ. ಡಾಕ್ಟರಿಗೆ ಖುಷಿಯೋ ಖುಷಿ. "ನೋಡ್ರೀ, ಒಬ್ರೂ ತಪ್ಪಿಸಿಲ್ಲ!"

ಮನೆಮನೆ ಸುತ್ತುವ ನರ್ಸಕ್ಕ ನಗಲಿಲ್ಲ. "ನಮ್ಮ ಬೀದಿ ಬಡಗಿ ಬಂದಿಲ್ಲ ತಮ್ಮಾ. ಸಾಲಲ್ಲಿ ಅವನ ಮುಖಾನೇ ಕಾಣ್ಲಿಲ್ಲ. ಮೆಷಿನ್ ಗರಗಸದ ಮುಂದೆ ಫಿಟ್ಸ್ ಬಂದ್ರೆ ನಿನ್ನ ಕಂಪ್ಯೂಟರ್ ಹೋಗಿ ಹಿಡ್ಕೊಳ್ಳತ್ತಾ?"

ಅಜ್ಜಿಯ ಕಥೆಯ ಹತ್ತು ಪೆದ್ದರು ಹೊಳೆ ದಾಟಿ, ತಮ್ಮನ್ನೇ ಬಿಟ್ಟು ಎಣಿಸಿ, ಒಬ್ಬ ಕಡಿಮೆ ಎಂದು ಅತ್ತರು. ನಾವು, ಯಾರೂ ಕಡಿಮೆಯಿಲ್ಲ ಎಂದು ನಗುತ್ತಿದ್ದೇವೆ. ಬಿಡುವುದಿಲ್ಲ. ಹುಡುಕುತ್ತೇನೆ.

ಮಾರ್ಚ್ 4, ಮಧ್ಯಾಹ್ನ

ಕಂಪ್ಯೂಟರಿಗೆ ಪ್ರಶ್ನೆ ಕೇಳುವ ಕ್ವೆರಿ ಬಿಲ್ಡರ್‌ನಲ್ಲಿ ನಾನು ಬರೆದದ್ದು ಪ್ರಶ್ನೆಯ ಹೊಟ್ಟೆಯೊಳಗೊಂದು ಪ್ರಶ್ನೆ. ಒಳಗಿನದು — ಕಳೆದ ತಿಂಗಳು ಮಾತ್ರೆ ಒಯ್ದವರ ಕಾರ್ಡ್ ನಂಬರ್ ಯಾವುವು? ಹೊರಗಿನದು — ಆ ನಂಬರ್‌ಗಳಲ್ಲಿ ಇಲ್ಲದ ರೋಗಿಗಳು ಯಾರು? ಒಳಗಿನದನ್ನು ಬಿಡಿಸಿ ಅದೊಂದನ್ನೇ ಓಡಿಸಿದೆ. ಉದ್ದದ ಪಟ್ಟಿ. ಸಾಲು ಸಾಲಾಗಿ ಇಳಿದೆ… ಸಿಕ್ಕಿತು. ಒಂದು ಸಾಲಿನಲ್ಲಿ ನಂಬರೇ ಇಲ್ಲ.

ಆ ಖಾಲಿ ಯಾರು ಬೇಕಾದರೂ ಆಗಿರಬಹುದಲ್ಲ! ಅದಕ್ಕೇ ಡೇಟಾಬೇಸ್ ಯಾರನ್ನೂ 'ಬಂದಿಲ್ಲ' ಎನ್ನಲು ಒಪ್ಪಲಿಲ್ಲ. ಒಂದು ಖಾಲಿ ಎಲ್ಲರನ್ನೂ ನುಂಗಿತ್ತು.

ಮಾತ್ರೆ ಕೊಡುವ ಕಾಂಪೌಂಡರ್ ಮಾವನನ್ನು ಕೇಳಿದೆ. "ಹೂಂ ಕಣಪ್ಪ, ನಾನೇ. ಒಬ್ಬ ಅಜ್ಜಿ ಕಾರ್ಡ್ ಮರೆತು ಬಂದಿದ್ಲು. ಮುಗಿದ ಮಾತ್ರೆ ಶೀಟ್ ತೋರಿಸಿದ್ಲು, ಅದೇ ಮಾತ್ರೆ ಕೊಟ್ಟೆ."

"ನಂಬರ್ ಹಾಕದಿದ್ರೆ ಮುಂದೆ ಹೋಗದ ಹಾಗೆ ಮಾಡ್ಲಾ ಮಾವ?"

"ಮಾಡು, ಮಾಡು. ಆಮೇಲೆ ಅಂಥೋರಿಗೆ ಬಾಗಿಲಲ್ಲಿ ನಿಂತು 'ಇಲ್ಲ' ಅನ್ನೋದೂ ನೀನೇ."

ಬೇಡ. ಅವರ ಕೈ ಕಟ್ಟುವುದಿಲ್ಲ. ನನ್ನ ಪ್ರಶ್ನೆಯನ್ನೇ ತಿದ್ದುತ್ತೇನೆ.

ಮಾರ್ಚ್ 5

ಒಳಗಿನ ಪ್ರಶ್ನೆಗೆ ಒಂದೇ ಸಾಲು ಸೇರಿಸಿದೆ — ಖಾಲಿ ಇರುವುದನ್ನು ಬಿಟ್ಟು ಉಳಿದದ್ದು ಕೊಡು. ಓಡಿಸಿದೆ. ಹದಿನೇಳು ಹೆಸರು! ಬಡಗಿಯದು ಮೂರನೆಯದು. ಡಾಕ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅಷ್ಟರಲ್ಲಿ ನರ್ಸಕ್ಕ ಸ್ಕೂಟರ್ ಏರಿಯಾಗಿತ್ತು.

ಸಂಜೆ 5

ಅಕ್ಕ ಬಂದರು. ಬಡಗಿ ಗುಂಡುಕಲ್ಲಿನ ಹಾಗಿದ್ದಾನಂತೆ. ಮಾತ್ರೆಯೂ ಇದೆ. "ಕಾರ್ಡ್ ಮರೆತ ಆ ಅಜ್ಜಿ ಅವನ ಅವ್ವನೇ ಕಣೋ!"

ಖಾಲಿ ಸಾಲು ಅವನದೇ. ಯಾರಿಗಾಗಿ ಹೆದರಿ ಹುಡುಕಿದೆವೋ ಅವನು ಕ್ಷೇಮ. ನಾವು ನೆನೆಯದೇ ಬಿಟ್ಟವರು ಹದಿನಾರು.

ಮಾರ್ಚ್ 7, ಬೆಳಿಗ್ಗೆ 8.20

ಹದಿನೈದು ಮನೆ ಮುಗಿದವು. ಅಕ್ಕನ ಸ್ಕೂಟರ್ ಪಂಕ್ಚರ್. ಉಳಿದವಳು ಒಬ್ಬಳು — ಎರಡು ದಿನವೂ ಬಾಗಿಲಿಗೆ ಬೀಗ, ಫೋನ್ ಎತ್ತುತ್ತಿಲ್ಲ. ಈಗಷ್ಟೇ ಅವಳ ಫೈಲ್ ತೆರೆದೆ. ಕೆಲಸ: ಮಕ್ಕಳಿಗೆ ಈಜು ಕಲಿಸುವುದು.

ಈಜುಕೊಳ ಎರಡು ಬೀದಿ ಆಚೆ. ಅಲ್ಲಿನ ಬೋರ್ಡ್ ದಿನಾ ನೋಡುತ್ತೇನೆ — ಮೊದಲ ತರಗತಿ ಎಂಟೂವರೆಗೆ.

ಮಾವ ಆಗಲೇ ಮಾತ್ರೆಯ ಶೀಟ್ ಹಿಡಿದು ನಿಂತಿದ್ದಾರೆ. "ನಂಬರ್ ಖಾಲಿ ಇರ್ಲಿ, ಮೊದ್ಲು ಓಡೋ—"