ಮಗ್ಗದ ಕುಣಿಯಾಗ ಸಿಕ್ಕ ಗುಳಿಗಿ

ಅಪ್ಪಾ,

ರೋಣದ ಬಸ್ಸಿಗೆ ಹೊಂಟೀನಿ. ನೀ ಮಲಗಿದ್ದಿ, ಎಬ್ಬಿಸಲಿಲ್ಲ.

ನೀ ಕಾಲು ಇಳಿಬಿಟ್ಟು ಕೂತು ನೇಯೋ ಮಗ್ಗದ ಕುಣಿ ಕಸಾ ಹೊಡಿಯೂ ಮುಂದ ನಿನ್ನ ಗುಳಿಗಿ ಸಿಕ್ಕವು, ನಾಕು. ದಿನಾ "ನುಂಗೀನವ್ವಾ" ಅಂತಿದ್ದಿ, ಎಲ್ಲಾ ಸುಳ್ಳೇನು?

ನಿನ್ನ ಕಾಲಿನ ಮ್ಯಾಲಿನ ಕೆಂಪು ಚುಕ್ಕಿ ಹೋಗ್ಯಾವು, ಖರೇ. ಬಂದಾಗೂ ನೀ "ನೂಲಿನ ಬಣ್ಣ ಹತ್ತೈತಿ" ಅಂತ ಎಂಟು ದಿನ ಸಬಕಾರ ಹಚ್ಚಿ ತಿಕ್ಕಿದಿ. ಅದು ಬಣ್ಣ ಅಲ್ಲಪ್ಪಾ. ಸಣ್ಣ ರಕ್ತನಾಳ ಬಾತು, ರಕ್ತ ಚರ್ಮದ ಕೆಳಗ ಜಿನುಗಿದ್ದು. ಮೈ ಕಾಯೋ ಶಕ್ತಿನ ತಿರುಗಿ ನಮ್ಮ ನಾಳದ ಮ್ಯಾಲೆ ಬಿದ್ದೈತಿ ಅಂತ ಡಾಕ್ಟರ್ರು ನಿನ್ನ ಮುಂದನ ಹೇಳಿದ್ರು. ಚುಕ್ಕಿ ಹೋದ್ರೂ ಒಳಗ ಬ್ಯಾನಿ ಇರಬಹುದು. ಕಿಡ್ನಿಗೆ ಹತ್ತಿದ್ರ ಕಣ್ಣಿಗೆ ಕಾಣಂಗಿಲ್ಲ, ಅದಕ್ಕ ಮೂತ್ರ ಪರೀಕ್ಷಾ ಮಾಡಸ್ತಾರ.

ಗುಳಿಗಿಯಿಂದ ಮುಖ ಬಾತೈತಿ ಅಂತ ನಿನಗ ನಾಚಿಕಿ, ನನಗ ಗೊತ್ತೈತಿ. ಡಾಕ್ಟರ್ರು ಗುಳಿಗಿ ಸ್ವಲ್ಪ ಸ್ವಲ್ಪ ಕಡಿಮಿ ಮಾಡಿದಂಗ ಮುಖಾನೂ ಇಳಿತೈತಿ. ನೀನ ಒಮ್ಮೆಲೆ ಬಿಟ್ರ ಜೀವಕ್ಕ ಅಪಾಯ.

ರೊಟ್ಟಿ ತಿಂದು ಇವತ್ತಿನ ಗುಳಿಗಿ ತಗೋ. ಬಿಟ್ಟ ನಾಕೂ ಕೂಡಿ ನುಂಗಬ್ಯಾಡ, ಡಾಕ್ಟರಿಗೆ ನಾನ ಫೋನ್ ಮಾಡಿ ಕೇಳ್ತೀನಿ. ಜ್ವರ ಬಂದ್ರ ಲಗೂನ ನನಗ ಹೇಳು.

ಉಪ್ಪು ಕಡಿಮಿ ತಿನ್ನು ಅಂದಾರ. ಉಪ್ಪಿನಕಾಯಿ ಭರಣಿ ಹುಡುಕಬ್ಯಾಡ. ಮುಚ್ಚಿಡಾಕ ನನಗೂ ಬರತೈತಿ.

ನೇಯಬ್ಯಾಡ ಅನ್ನಂಗಿಲ್ಲ. ಕುಣಿ ಸ್ವಚ್ಛ ಮಾಡೀನಿ. ಸಂಜಿಗೆ ಬಂದಕೂಡ್ಲೆ ಮೊದಲು ಅದರಾಗ ಇಳಿದು ಗುಳಿಗಿ ಹುಡುಕ್ತೀನಿ.

ಬನಶ್ರೀ