ಹಗ್ಗದ ಸೇತುವೆ ಮೇಲೆ ಕೋತಿಗಳು

ಪ್ರೀತಿಯ ಅಕ್ಕನಿಗೆ,

ಖುಷಿ ತಡೆಯಲಾಗದೆ ರಸ್ತೆ ಬದಿಯಲ್ಲೇ ಕೂತು ಬರೆಯುತ್ತಿದ್ದೇನೆ. ನಾನು ಹೆಣೆದ ಹಗ್ಗದ ಸೇತುವೆಯನ್ನು ಕೋತಿಗಳು ಕೊನೆಗೂ ದಾಟಿದವು!

ಕಾಡನ್ನು ಸೀಳಿಕೊಂಡು ಹೊಸ ರಸ್ತೆ ಬಂದ ಮೇಲೆ ಈಚೆಯ ಕೋತಿಗಳಿಗೆ ಆಚೆಯ ಹಣ್ಣಿನ ಮರಗಳು ದೂರವಾಗಿದ್ದವು. ಕೆಳಗಿಳಿದು ಓಡಿದ ಎರಡು ಕೋತಿಗಳು ಲಾರಿಗೆ ಸಿಕ್ಕಿ ಸತ್ತವು. ಅದಕ್ಕೇ ರಸ್ತೆಯ ಎಂಜಿನಿಯರ್ ಮೀನಿನ ಬಲೆ ಹೆಣೆಯುವ ನನ್ನನ್ನು ಇಲ್ಲಿಗೆ ಕರೆಸಿದ್ದು. ಸೇತುವೆ ಕಟ್ಟಿ ತಿಂಗಳಾದರೂ ಒಂದೂ ಇತ್ತ ಸುಳಿಯಲಿಲ್ಲ. "ಈ ವಾರವೂ ಬರ್ಲಿಲ್ಲ ಅಂದ್ರೆ ಬಿಚ್ಚಿಸ್ಬೇಕಾಗುತ್ತೆ" ಎಂದು ಎಂಜಿನಿಯರ್ ನಿನ್ನೆ ಹೇಳಿದಾಗ ನನಗೆ ಊಟ ಸೇರಲಿಲ್ಲ.

ಇವತ್ತು ಬೆಳಿಗ್ಗೆ ಒಂದು ಮುದಿ ಕೋತಿ ಬಂದು ನನ್ನ ಗಂಟನ್ನು ಎರಡು ಸಲ ಜಗ್ಗಿ ನೋಡಿತು. ಅಷ್ಟರಲ್ಲಿ ಬಂದ ಲಾರಿಗೆ ಕೈ ಅಡ್ಡ ಹಿಡಿದೆ.

"ಏನಮ್ಮಾ, ರಸ್ತೆ ಕೆಟ್ಟಿದ್ಯಾ?" ಎಂದ ಚಾಲಕನಿಗೆ ಮೇಲೆ ತೋರಿಸಿದೆ. ಅವನು ಎಂಜಿನ್ ಆರಿಸಿ, ಕತ್ತು ಹೊರಚಾಚಿ ಎಣಿಸತೊಡಗಿದ. ಮುದಿ ಕೋತಿಯ ಹಿಂದೆ ಎಂಟು ದಾಟಿದವು. ಕೊನೆಯದರ ಹೊಟ್ಟೆಗೆ ಮರಿಯೊಂದು ಕಚ್ಚಿಕೊಂಡಿತ್ತು.

ಅಷ್ಟರಲ್ಲಿ ಅಲ್ಲಿಗೆ ಬಂದ ಎಂಜಿನಿಯರ್ ಇದನ್ನು ನೋಡಿ ಇನ್ನೆರಡು ಸೇತುವೆ ಕೇಳಿದ್ದಾರೆ. ನಿನ್ನನ್ನು ಕೇಳದೆ ಹೂಂ ಎಂದುಬಿಟ್ಟೆ, ಬಯ್ಯಬೇಡ. ಅಂಗೈಯ ಬೊಬ್ಬೆಗಳು ಒಣಗಿವೆ.

ಈ ಕಾರ್ಡನ್ನು ಅಂಚೆ ಡಬ್ಬಿಗೆ ಹಾಕಲು ಚಾಲಕ ಕಾದು ನಿಂತಿದ್ದಾನೆ. "ಒಂಬತ್ತಲ್ಲಮ್ಮಾ, ಮರೀನೂ ಸೇರಿಸಿ ಹತ್ತು ಅಂತ ಬರೀರಿ" ಎನ್ನುತ್ತಿದ್ದಾನೆ. ಹತ್ತು, ಅಕ್ಕ.

ನಿನ್ನ ತಂಗಿ